ಆಕ್ರಿಂಗ್ಟನ್ ಸ್ಟ್ಯಾನ್ಲಿ: 1962ರಲ್ಲಿ ಮುಳುಗಿದ್ದು ಯಾವ ಕ್ಲಬ್, 2006ರಲ್ಲಿ ಮೇಲೆ ಬಂದದ್ದು ಯಾವುದು?

ಪ್ರಶ್ನೆ: ನನ್ನ ಮಗ ಕಂಪ್ಯೂಟರಿನಲ್ಲಿ ಫುಟ್‌ಬಾಲ್ ಕ್ಲಬ್ ನಡೆಸುವ ಆಟವೊಂದರಲ್ಲಿ ಆಕ್ರಿಂಗ್ಟನ್ ಸ್ಟ್ಯಾನ್ಲಿ ಎಂಬ ಇಂಗ್ಲಿಷ್ ಕ್ಲಬ್ಬನ್ನು ಆರಿಸಿಕೊಂಡಿದ್ದಾನೆ. ಅದರ ಬಗ್ಗೆ ಓದಲು ಹೋದರೆ ಒಂದು ಕಡೆ 1888ರಲ್ಲಿ ಲೀಗ್ ಸ್ಥಾಪಿಸಿದ ಕ್ಲಬ್ ಅಂತಿದೆ, ಇನ್ನೊಂದು ಕಡೆ 1891, ಮತ್ತೊಂದು ಕಡೆ 1968. ಸಾಲ ತೀರಿಸಲಾಗದೆ 1962ರಲ್ಲಿ ಮುಳುಗಿತು ಅಂತಲೂ ಇದೆ. ಮುಳುಗಿದ ಕ್ಲಬ್ ವಾಪಸ್ ಬಂದದ್ದು ಹೇಗೆ? ಎರಡು-ಮೂರು ಸಾವಿರ ಪ್ರೇಕ್ಷಕರನ್ನು ನಂಬಿಕೊಂಡು ಸಂಬಳದ ಆಟಗಾರರನ್ನು ಇಟ್ಟುಕೊಳ್ಳುವುದು ಹೇಗೆ? ಡಿಸೆಂಬರಿನಲ್ಲಿ ಮ್ಯಾಂಚೆಸ್ಟರಿನ ಮಗಳ ಮನೆಗೆ ಹೋಗುವವರಿದ್ದೇವೆ. ಅಲ್ಲಿಂದ ಹೋಗಿ ಒಂದು ಪಂದ್ಯ ನೋಡಬಹುದೇ?

ಉತ್ತರ: ಮೊದಲು ಇಸವಿಗಳ ಗೊಂದಲ ಬಿಡಿಸೋಣ. ಆಕ್ರಿಂಗ್ಟನ್ ಎಂಬ ಒಂದೇ ಊರಿನಲ್ಲಿ ಮೂರು ಬೇರೆ ಬೇರೆ ಕ್ಲಬ್ಬುಗಳು ಆಗಿಹೋಗಿವೆ. ನೀವು ನೋಡಿದ ಮೂರು ಇಸವಿಗಳೂ ಒಂದೊಂದು ಕ್ಲಬ್ಬಿಗೆ ಸೇರಿದವು. ನಿಮ್ಮ ಮಗ ಆರಿಸಿಕೊಂಡಿರುವುದು ಮೂರನೆಯದು. ಅದು ಹುಟ್ಟಿದ್ದು 1968ರಲ್ಲಿ.

ಊರಿನ ಪರಿಚಯ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ, ಮುಂದಿನದಕ್ಕೆ ಅದು ಬೇಕು. ಆಕ್ರಿಂಗ್ಟನ್ ಇರುವುದು ಲ್ಯಾಂಕಷೈರಿನಲ್ಲಿ, ಜನಸಂಖ್ಯೆ ಮೂವತ್ತೈದು ಸಾವಿರದ ಆಸುಪಾಸು. ಪಶ್ಚಿಮಕ್ಕೆ ಎಂಟು ಕಿಲೋಮೀಟರ್ ಹೋದರೆ ಬ್ಲ್ಯಾಕ್‌ಬರ್ನ್, ಪೂರ್ವಕ್ಕೆ ಹತ್ತು ಹೋದರೆ ಬರ್ನ್‌ಲಿ. ಹತ್ತಿ ಗಿರಣಿಗಳು, ನೂಲುವ ಯಂತ್ರ ಮಾಡುತ್ತಿದ್ದ ಹವರ್ಡ್ ಅಂಡ್ ಬುಲ್ಲೋ ಕಾರ್ಖಾನೆ, ನೋರಿ ಎಂಬ ಗಟ್ಟಿ ಕೆಂಪು ಇಟ್ಟಿಗೆ: ಊರು ಬದುಕಿದ್ದು ಇವುಗಳ ಮೇಲೆ. ಮೊದಲ ಮಹಾಯುದ್ಧದ ಚರಿತ್ರೆ ಓದಿದವರಿಗೆ ಈ ಊರಿನ ಹೆಸರು ಬೇರೆ ಕಾರಣಕ್ಕೆ ಗೊತ್ತಿರುತ್ತದೆ. 1916ರ ಜುಲೈ 1ರಂದು ಸೋಮ್ ಕದನದಲ್ಲಿ ಸೆರ್ ಹಳ್ಳಿಯ ಮುಂದೆ ಈ ಊರಿನ ಮತ್ತು ಸುತ್ತಲಿನ ಹುಡುಗರ ಪಡೆ ನುಗ್ಗಿತು. ಸುಮಾರು 700 ಮಂದಿಯಲ್ಲಿ 584 ಮಂದಿ ಅರ್ಧ ಗಂಟೆಯೊಳಗೆ ಸತ್ತರು, ಗಾಯಗೊಂಡರು ಅಥವಾ ಕಾಣೆಯಾದರು. ಇಷ್ಟು ಸಣ್ಣ ಊರು, ಎರಡೂ ಮಗ್ಗುಲಲ್ಲಿ ತನಗಿಂತ ದೊಡ್ಡ ಕ್ಲಬ್ಬುಗಳಿರುವ ಊರು. ಸ್ಟ್ಯಾನ್ಲಿಯ ಹಣದ ಕಷ್ಟದ ಮೂಲ ಈ ಭೂಗೋಳದಲ್ಲೇ ಇದೆ. ಪ್ರೇಕ್ಷಕನಿಗೆ ಬಸ್ಸಿನಲ್ಲಿ ಇಪ್ಪತ್ತು ನಿಮಿಷ ಕೂತರೆ ಮೇಲಿನ ದರ್ಜೆಯ ಆಟ ಸಿಗುತ್ತದೆ.

1888ರಲ್ಲಿ ಫುಟ್‌ಬಾಲ್ ಲೀಗ್ ಶುರುವಾದಾಗ ಇದ್ದ 12 ಕ್ಲಬ್ಬುಗಳಲ್ಲಿ ಆರು ಲ್ಯಾಂಕಷೈರಿನವು: ಪ್ರೆಸ್ಟನ್, ಬೋಲ್ಟನ್, ಎವರ್ಟನ್, ಬ್ಲ್ಯಾಕ್‌ಬರ್ನ್, ಬರ್ನ್‌ಲಿ, ಮತ್ತು ಆಕ್ರಿಂಗ್ಟನ್. ಈ ಆಕ್ರಿಂಗ್ಟನ್ನಿಗೆ ಹಿಂದೆ ಮುಂದೆ ಯಾವ 'ಸ್ಟ್ಯಾನ್ಲಿ'ಯೂ ಇಲ್ಲ. ಕ್ರಿಕೆಟ್ ಮೈದಾನದಲ್ಲಿ ಆಡುತ್ತಿದ್ದ ಈ ತಂಡ 1892-93ರ ಕೊನೆಯಲ್ಲಿ ಶೆಫೀಲ್ಡ್ ಯುನೈಟೆಡ್ ಎದುರಿನ ನಿರ್ಣಾಯಕ ಪಂದ್ಯ ಸೋತಿತು. ಎರಡನೇ ದರ್ಜೆಯಲ್ಲಿ ಆಡಲು ಮನಸ್ಸಿಲ್ಲದೆ ಲೀಗಿಗೇ ರಾಜೀನಾಮೆ ಕೊಟ್ಟಿತು. 1896ರಲ್ಲಿ ಮುಚ್ಚಿಯೂ ಹೋಯಿತು.

ಎರಡನೆಯದು 1891ರಲ್ಲಿ ಸ್ಟ್ಯಾನ್ಲಿ ವಿಲ್ಲಾ ಎಂಬ ಹೆಸರಿನಲ್ಲಿ ಹುಟ್ಟಿದ ತಂಡ. ಸ್ಟ್ಯಾನ್ಲಿ ಬೀದಿಯ ಸ್ಟ್ಯಾನ್ಲಿ ಆರ್ಮ್ಸ್ ಎಂಬ ಪಬ್ಬೇ ಅದರ ಅಡ್ಡೆ. ಊರಿನ ದೊಡ್ಡ ತಂಡ ಕುಸಿಯುತ್ತಿದ್ದಾಗ ಇದು ಊರಿನ ಹೆಸರನ್ನು ಮುಂದೆ ಸೇರಿಸಿಕೊಂಡಿತು. ಒಂದು ಸತ್ತ ಮೇಲೆ ಇನ್ನೊಂದು ಹುಟ್ಟಿದ್ದಲ್ಲ, ಕೆಲವು ವರ್ಷ ಎರಡೂ ಒಟ್ಟಿಗೇ ಇದ್ದವು. ಆದ್ದರಿಂದ '1888ರ ಸ್ಥಾಪಕ ಕ್ಲಬ್' ಎಂದು ಸ್ಟ್ಯಾನ್ಲಿಯ ಪರಿಚಯದಲ್ಲಿ ಎಲ್ಲಿ ಕಂಡರೂ ಅದು ತಪ್ಪು. ಇಂಗ್ಲೆಂಡಿನ ವರದಿಗಾರರೂ ಈ ತಪ್ಪು ಮಾಡುತ್ತಲೇ ಇರುತ್ತಾರೆ. ಸ್ಟ್ಯಾನ್ಲಿ ಲೀಗಿಗೆ ಬಂದದ್ದು 1921ರಲ್ಲಿ, ಮೂರನೇ ದರ್ಜೆಯ ಉತ್ತರ ವಿಭಾಗ ಹೊಸದಾಗಿ ಶುರುವಾದಾಗ. ಅದರ ಅಂಗಳ ಪೀಲ್ ಪಾರ್ಕ್.

1962ರ ಮಾರ್ಚ್‌ನಲ್ಲಿ ಆದದ್ದು

ಈ ಭಾಗ ವಿವರವಾಗಿ ಹೇಳಬೇಕಾದ್ದು. ಸ್ಟ್ಯಾನ್ಲಿ ಬಡತನದಿಂದ ಸತ್ತಿತು ಎನ್ನುತ್ತಾರೆ. ನನ್ನ ಲೆಕ್ಕದಲ್ಲಿ ಅದನ್ನು ಕೊಂದದ್ದು ಒಳ್ಳೆಯ ದಿನಗಳಲ್ಲಿ ಮಾಡಿದ ಖರ್ಚು.

1953ರಲ್ಲಿ ಬಂದ ಮ್ಯಾನೇಜರ್ ವಾಲ್ಟರ್ ಗಾಲ್ಬ್ರೈತ್ ಸ್ಕಾಟ್ಲೆಂಡಿನವರು. ಕಡಿಮೆ ಬೆಲೆಗೆ ಸಿಗುವ ಸ್ಕಾಟಿಷ್ ಆಟಗಾರರನ್ನು ಸಾಲಾಗಿ ಕರೆತಂದರು. 1955ರಲ್ಲಿ ಹನ್ನೊಂದಕ್ಕೆ ಹನ್ನೊಂದೂ ಸ್ಕಾಟ್ಲೆಂಡಿನಲ್ಲಿ ಹುಟ್ಟಿದವರೇ ಇದ್ದ ತಂಡವನ್ನು ಇಳಿಸಿದ್ದೂ ಉಂಟು. ತಂಡ ಚೆನ್ನಾಗಿಯೇ ಆಡಿತು: 1954-55ರಲ್ಲಿ ಎರಡನೇ ಸ್ಥಾನ, 1957-58ರಲ್ಲಿ ಮತ್ತೆ ಎರಡನೇ ಸ್ಥಾನ. ಆದರೆ ಆಗಿನ ನಿಯಮದಲ್ಲಿ ಉತ್ತರ ವಿಭಾಗದಿಂದ ಮೇಲಕ್ಕೆ ಹೋಗುತ್ತಿದ್ದುದು ಚಾಂಪಿಯನ್ ಒಂದೇ. ಮೊದಲ ಸಲ ಬಾರ್ನ್ಸ್‌ಲಿ ಹೋಯಿತು, ಎರಡನೇ ಸಲ ಸ್ಕಂತಾರ್ಪ್. ಈಗಿನಂತೆ ಮೂರು ನಾಲ್ಕು ತಂಡಗಳಿಗೆ ಬಡ್ತಿ ಇದ್ದಿದ್ದರೆ ಸ್ಟ್ಯಾನ್ಲಿಯ ಕಥೆಯೇ ಬೇರೆಯಾಗುತ್ತಿತ್ತು.

ಮೇಲೆ ಹೋಗುತ್ತೇವೆಂಬ ನಂಬಿಕೆಯಲ್ಲಿ ಕ್ಲಬ್ 1958ರಲ್ಲಿ ಪ್ರೇಕ್ಷಕರು ಕೂರುವ ಒಂದು ಸ್ಟ್ಯಾಂಡ್ ಕೊಂಡಿತು. ಆಲ್ಡರ್‌ಷಾಟ್‌ನಲ್ಲಿ ಸೈನ್ಯದ ಕವಾಯತು ಪ್ರದರ್ಶನ ನೋಡಲು ಕಟ್ಟಿದ್ದ, ಬಳಸಿ ಬಿಟ್ಟ ಸ್ಟ್ಯಾಂಡ್ ಅದು. ಬೆಲೆ 1,450 ಪೌಂಡ್, ಅಗ್ಗವೇ. ಆದರೆ ಆಲ್ಡರ್‌ಷಾಟ್ ಇರುವುದು ದಕ್ಷಿಣದ ಹ್ಯಾಂಪ್‌ಷೈರಿನಲ್ಲಿ. ಬಿಚ್ಚಿ, ದೇಶದ ಉದ್ದಕ್ಕೂ ಸಾಗಿಸಿ, ಪೀಲ್ ಪಾರ್ಕಿನಲ್ಲಿ ಮತ್ತೆ ನಿಲ್ಲಿಸುವ ಹೊತ್ತಿಗೆ ಕೊಂಡ ಬೆಲೆಯ ಹಲವು ಪಟ್ಟು ಹಣ ಕೈಬಿಟ್ಟಿತ್ತು. ಅದೇ ವರ್ಷ ಗಾಲ್ಬ್ರೈತ್ ಹೊರಟುಹೋದರು. ಅದೇ ವರ್ಷ ಉತ್ತರ-ದಕ್ಷಿಣ ವಿಭಾಗಗಳನ್ನು ತೆಗೆದು ದೇಶಕ್ಕೆಲ್ಲ ಒಂದೇ ಮೂರನೇ ದರ್ಜೆ, ಒಂದೇ ನಾಲ್ಕನೇ ದರ್ಜೆ ಮಾಡಿದರು. ಅಂದರೆ ಪ್ರಯಾಣದ ಖರ್ಚೂ ಏರಿತು. 1960ರಲ್ಲಿ ತಂಡ ನಾಲ್ಕನೇ ದರ್ಜೆಗೆ ಇಳಿಯಿತು, ಜನ ಕಡಿಮೆಯಾದರು. 1961ರಲ್ಲಿ ಆಟಗಾರರ ಗರಿಷ್ಠ ಸಂಬಳದ ಮಿತಿ ತೆಗೆದದ್ದು ಸಣ್ಣ ಕ್ಲಬ್ಬುಗಳಿಗೆ ಮತ್ತೊಂದು ಏಟು.

1962ರ ಆರಂಭದ ಹೊತ್ತಿಗೆ ಸಾಲ 60 ಸಾವಿರ ಪೌಂಡಿನ ಆಸುಪಾಸು. ಅದರಲ್ಲಿ ಎದೆಗೆ ಒತ್ತುತ್ತಿದ್ದುದು ಬೇರೆ ಕ್ಲಬ್ಬುಗಳಿಗೆ ಕೊಡಬೇಕಿದ್ದ ಆಟಗಾರರ ವರ್ಗಾವಣೆ ಹಣ. ಒಟ್ಟು ಸಾಲದ ಪಕ್ಕದಲ್ಲಿ ಅದು ಸಣ್ಣ ಮೊತ್ತ, ಆದರೆ ಆ ಬಾಕಿಯನ್ನು ಲೀಗ್ ಸಹಿಸುವುದಿಲ್ಲ. ನಿರ್ದೇಶಕರು ಪಕ್ಕದೂರಿನ ಬರ್ನ್‌ಲಿ ಕ್ಲಬ್ಬಿನ ಅಧ್ಯಕ್ಷ ಬಾಬ್ ಲಾರ್ಡ್ ಅವರನ್ನು ಸಲಹೆಗೆ ಕರೆದರು. ಬರ್ನ್‌ಲಿ ಆಗ ಇಂಗ್ಲೆಂಡಿನ ಅಗ್ರ ತಂಡಗಳಲ್ಲೊಂದು, 1960ರ ಚಾಂಪಿಯನ್. ಲೆಕ್ಕ ನೋಡಿದ ಲಾರ್ಡ್ ಇದು ಉಳಿಯುವ ಮಾತಲ್ಲ ಅಂದರು. ಮಾರ್ಚ್ 2ರಂದು ಕ್ರೂ ಅಲೆಕ್ಸಾಂಡ್ರಾ ಅಂಗಳದಲ್ಲಿ 4-0 ಸೋಲು. ಮರುವಾರವೇ ಅಧ್ಯಕ್ಷ ಸ್ಯಾಮ್ ಪಿಲ್ಕಿಂಗ್ಟನ್ ಲೀಗಿಗೆ ರಾಜೀನಾಮೆ ಪತ್ರ ಕಳಿಸಿಬಿಟ್ಟರು.

ಪತ್ರ ಹೋದ ಮೇಲೆ ಊರಿನಲ್ಲಿ ಸುಮಾರು 10 ಸಾವಿರ ಪೌಂಡ್ ಕೊಡಲು ಜನ ಮುಂದಾದರು. ಮೇಲೆ ಬಿದ್ದಿದ್ದ ಬಾಕಿ ತೀರಿಸಿ ಆ ಋತು ಮುಗಿಸಲು ಅಷ್ಟು ಸಾಕಿತ್ತು. ಪಿಲ್ಕಿಂಗ್ಟನ್ ರಾಜೀನಾಮೆ ವಾಪಸ್ ತೆಗೆದುಕೊಳ್ಳುತ್ತೇವೆ ಎಂದು ಎರಡನೇ ಪತ್ರ ಬರೆದರು. ಲೀಗಿನ ಕಾರ್ಯದರ್ಶಿ ಆಲನ್ ಹಾರ್ಡೇಕರ್ ಮತ್ತು ಆಡಳಿತ ಸಮಿತಿ ಒಪ್ಪಲಿಲ್ಲ: ಕೊಟ್ಟ ರಾಜೀನಾಮೆ ಕೊಟ್ಟದ್ದೇ. ಸ್ಟ್ಯಾನ್ಲಿ ಆ ಋತುವಿನಲ್ಲಿ ಆಡಿದ್ದ 33 ಪಂದ್ಯಗಳ ಫಲಿತಾಂಶಗಳನ್ನು ಅಂಕಪಟ್ಟಿಯಿಂದ ಅಳಿಸಿದರು. ಹಳೆಯ ಪಟ್ಟಿಗಳಲ್ಲಿ 1961-62ರ ನಾಲ್ಕನೇ ದರ್ಜೆಯಲ್ಲಿ 24ರ ಬದಲು 23 ತಂಡಗಳಿರುವುದು ಇದಕ್ಕೇ, ಮುದ್ರಣದ ದೋಷವಲ್ಲ. ಸ್ಟ್ಯಾನ್ಲಿಯನ್ನು ಎರಡು ಸಲ ಸೋಲಿಸಿದ್ದ ತಂಡಗಳಿಗೆ ಆ ಅಂಕಗಳೂ ಹೋದವು.

ಊರಿನಲ್ಲಿ ಈಗಲೂ ಬಾಬ್ ಲಾರ್ಡ್ ಅವರನ್ನೇ ದೂರುವವರಿದ್ದಾರೆ. ಮಗ್ಗುಲಿನ ಕ್ಲಬ್ ಸತ್ತರೆ ಬರ್ನ್‌ಲಿಗೆ ಲಾಭ ತಾನೇ ಎಂಬ ಗುಮಾನಿ. ಅವರ ಸಲಹೆ ಅವಸರದ್ದು ಎನ್ನುವುದನ್ನು ನಾನೂ ಒಪ್ಪುತ್ತೇನೆ. ಆದರೆ ಹಳ್ಳ ತೋಡಿದ್ದು ನಾಲ್ಕು ವರ್ಷ ಮೊದಲೇ. ನಿಜವಾದ ತಪ್ಪು ನಡೆದದ್ದು ಕ್ರಮದಲ್ಲಿ: ಊರಿನವರನ್ನು ಹಣ ಕೇಳಿದ ಮೇಲೆ ಬರೆಯಬೇಕಾದ ಪತ್ರವನ್ನು ಕೇಳುವ ಮೊದಲೇ ಬರೆದರು. ಖಾಲಿಯಾದ ಜಾಗಕ್ಕೆ ಆ ಬೇಸಿಗೆಯಲ್ಲಿ ಆಕ್ಸ್‌ಫರ್ಡ್ ಯುನೈಟೆಡ್ ಆಯ್ಕೆಯಾಯಿತು. ಈ ಹೆಸರು ನೆನಪಿಟ್ಟುಕೊಳ್ಳಿ. ಸ್ಟ್ಯಾನ್ಲಿ ಕೆಳಗಿನ ಲ್ಯಾಂಕಷೈರ್ ಕಾಂಬಿನೇಷನ್ ಲೀಗಿನಲ್ಲಿ ಕುಂಟುತ್ತಾ ನಡೆದು 1966ರಲ್ಲಿ ಪೂರ್ತಿ ನಿಂತಿತು.

ಏಳನೇ ಹಂತದಿಂದ ನಾಲ್ಕಕ್ಕೆ

1968ರಲ್ಲಿ ಊರಿನ ಕಾರ್ಮಿಕರ ಕ್ಲಬ್ಬೊಂದರಲ್ಲಿ ಸೇರಿದ ಸಭೆ ಹೊಸ ಕ್ಲಬ್ ಕಟ್ಟಲು ತೀರ್ಮಾನಿಸಿತು. ಆಟ ಶುರುವಾದದ್ದು 1970ರಲ್ಲಿ, ಕ್ರೌನ್ ಗ್ರೌಂಡ್ ಎಂಬ ಹೊಸ ಜಾಗದಲ್ಲಿ. ಹಳೆಯ ಕ್ಲಬ್ಬಿನ ಹೆಸರು, ಕೆಂಪು ಅಂಗಿ, ಅಭಿಮಾನಿಗಳು ಬಂದರು. ಕಾನೂನಿನ ಲೆಕ್ಕದಲ್ಲಿ ಕಂಪನಿ ಬೇರೆ. ಕ್ಲಬ್ಬಿನ ಪರಿಚಯ ಬರೆಯುವಾಗ ಸ್ಥಾಪನೆ 1968 ಎಂದು ಬರೆದು, 1891-1966ರ ಕ್ಲಬ್ಬಿನ ಪರಂಪರೆ ಎಂದು ಪಕ್ಕದಲ್ಲಿ ಹೇಳುವುದು ಸರಿಯಾದ ಕ್ರಮ. ಹಳೆಯ ಕ್ಲಬ್ಬಿನ ದಾಖಲೆಗಳನ್ನೂ ಹೊಸದರ ದಾಖಲೆಗಳನ್ನೂ ಕೂಡಿಸಬಾರದು. ಉದಾಹರಣೆಗೆ 1950ರ ದಶಕದಲ್ಲಿ ಪೀಲ್ ಪಾರ್ಕಿಗೆ ಬಂದ ಹದಿನೇಳು ಸಾವಿರ ಜನ ಈಗಿನ ಕ್ಲಬ್ಬಿನ ದಾಖಲೆಯಲ್ಲ. ಈಗಿನ ಅಂಗಳದ ದಾಖಲೆ 5,397; 2019ರ ಜನವರಿ 26ರಂದು ಡರ್ಬಿ ಕೌಂಟಿ ಎದುರಿನ ಎಫ್‌ಎ ಕಪ್ (ಎಲ್ಲ ದರ್ಜೆಯ ಕ್ಲಬ್ಬುಗಳೂ ಆಡುವ, ಸೋತವರು ಹೊರಬೀಳುವ ಟೂರ್ನಿ) ಪಂದ್ಯದ್ದು.

1980ರ ದಶಕದ ಕೊನೆಯಲ್ಲಿ ಬಂದ ಹಾಲಿನ ಟಿವಿ ಜಾಹೀರಾತೊಂದು ಈ ಹೆಸರನ್ನು ದೇಶಕ್ಕೆಲ್ಲ ಪರಿಚಯಿಸಿತು, ಅದೂ ತಮಾಷೆಯ ಸರಕಾಗಿ. ಹಾಲು ಕುಡಿಯದಿದ್ದರೆ ಈ ತಂಡಕ್ಕೆ ಆಡುವಷ್ಟೇ ಆಗುತ್ತೀಯ ಎಂಬ ಅರ್ಥದ ಮಾತು ಅದರಲ್ಲಿತ್ತು. ಆಟದ ಬಗ್ಗೆ ಏನೂ ಗೊತ್ತಿಲ್ಲದ ಇಂಗ್ಲಿಷರಿಗೂ ಇಂದಿಗೂ ಈ ಕ್ಲಬ್ಬಿನ ಹೆಸರು ಗೊತ್ತಿರುವುದು ಅದರಿಂದಲೇ.

ನಿಜವಾದ ಏರಿಕೆಗೆ ಕಾರಣ ಇಬ್ಬರು ಮನುಷ್ಯರು ಮತ್ತು ಒಂದು ಕಾಗದದ ಸಾಲು. 1995ರಲ್ಲಿ ಎರಿಕ್ ವಾಲಿ ಕ್ಲಬ್ಬನ್ನು ಕೊಂಡರು. 1999ರಲ್ಲಿ ಅವರು ಮ್ಯಾನೇಜರಾಗಿ ಜಾನ್ ಕೋಲ್ಮನ್ ಅವರನ್ನು ನೇಮಿಸಿದರು, ಜತೆಗೆ ಸಹಾಯಕ ಜಿಮ್ಮಿ ಬೆಲ್. ಕಾಗದದ ಸಾಲು ಬ್ರೆಟ್ ಆರ್ಮರಾಡ್ ಎಂಬ ಫಾರ್ವರ್ಡ್ ಆಟಗಾರನದ್ದು. 1997ರಲ್ಲಿ ಅವನನ್ನು ಬ್ಲ್ಯಾಕ್‌ಪೂಲ್‌ಗೆ 50 ಸಾವಿರ ಪೌಂಡಿಗೆ ಮಾರುವಾಗ, ಮುಂದೆ ನೀವು ಮಾರಿದರೆ ಕಾಲು ಭಾಗ ನಮಗೆ ಎಂದು ಬರೆಸಿಕೊಂಡಿದ್ದರು. 2001ರ ಡಿಸೆಂಬರಿನಲ್ಲಿ ಬ್ಲ್ಯಾಕ್‌ಪೂಲ್ ಅವನನ್ನು ಪ್ರೀಮಿಯರ್ ಲೀಗಿನ ಸೌತಾಂಪ್ಟನ್‌ಗೆ ಹತ್ತು ಲಕ್ಷಕ್ಕೂ ಹೆಚ್ಚು ಪೌಂಡಿಗೆ ಮಾರಿತು. ಆರನೇ ಹಂತದಲ್ಲಿ ಆಡುತ್ತಿದ್ದ ಸ್ಟ್ಯಾನ್ಲಿಗೆ ಲಕ್ಷಗಟ್ಟಲೆ ಪೌಂಡ್ ಬಂತು. ಆ ಹಂತದಲ್ಲಿ ಇಷ್ಟು ಹಣವೆಂದರೆ ಹಲವು ಆಟಗಾರರನ್ನು ಪೂರ್ಣಾವಧಿ ಸಂಬಳಕ್ಕೆ ತರಬಹುದು. ಸಣ್ಣ ಕ್ಲಬ್ಬಿಗೆ ಮಾರಾಟದ ಬೆಲೆಗಿಂತ ಮರುಮಾರಾಟದ ಪಾಲು ಮುಖ್ಯ ಎನ್ನುವುದಕ್ಕೆ ನಾನು ಕೊಡುವ ಮೊದಲ ಉದಾಹರಣೆ ಇದೇ. ಬೆಲೆ ಜಗ್ಗಾಡಿ ಇನ್ನೊಂದು ಹತ್ತು ಸಾವಿರ ಪಡೆಯುವ ಬದಲು ಶೇಕಡಾವಾರು ಬರೆಸಿಕೊಳ್ಳಿ ಎಂದು ನಿಮ್ಮ ಮಗನಿಗೂ ಹೇಳಿ, ಆ ಆಟದಲ್ಲೂ ಇದು ನಡೆಯುತ್ತದೆ.

ಏಣಿ ಹೀಗಿದೆ: ಪ್ರೀಮಿಯರ್ ಲೀಗಿನಲ್ಲಿ 20 ತಂಡ. ಅದರ ಕೆಳಗೆ ಹಳೆಯ ಫುಟ್‌ಬಾಲ್ ಲೀಗ್, ಅಂದರೆ ಈಗಿನ ಈಎಫ್‌ಎಲ್‌ನ ಮೂರು ದರ್ಜೆಗಳು, ಚಾಂಪಿಯನ್‌ಷಿಪ್, ಲೀಗ್ ಒನ್, ಲೀಗ್ ಟೂ, ತಲಾ 24. ಅದರ ಕೆಳಗೆ ಆಗ ಕಾನ್ಫರೆನ್ಸ್ ಎನ್ನುತ್ತಿದ್ದ, ಈಗಿನ ನ್ಯಾಷನಲ್ ಲೀಗ್. ನಮ್ಮ ಐಎಸ್‌ಎಲ್‌ನಲ್ಲಿ ತಳಕ್ಕೆ ಬಿದ್ದ ತಂಡ ಮುಂದಿನ ವರ್ಷವೂ ಅಲ್ಲೇ ಆಡುವುದನ್ನು ನೋಡಿದವರಿಗೆ ಈ ಏಣಿಯ ಕ್ರೌರ್ಯ ಸುಲಭಕ್ಕೆ ಅಂದಾಜಾಗುವುದಿಲ್ಲ. ಸ್ಟ್ಯಾನ್ಲಿ 2000ದಲ್ಲಿ ಏಳನೇ ಹಂತ ಗೆದ್ದಿತು, 2003ರಲ್ಲಿ ಆರನೆಯದನ್ನು, 2006ರಲ್ಲಿ ಐದನೆಯದನ್ನು. ಗೆದ್ದರೆ ಮಾತ್ರ ಸಾಲದು, ಅಂಗಳವೂ ಲೀಗಿನ ಅಳತೆಗೆ ಸರಿಹೊಂದಬೇಕು. 1994ರಲ್ಲಿ ಕಿಡರ್‌ಮಿನ್‌ಸ್ಟರ್, 1995ರಲ್ಲಿ ಮ್ಯಾಕಲ್ಸ್‌ಫೀಲ್ಡ್, 1996ರಲ್ಲಿ ಸ್ಟೀವನೇಜ್ ಐದನೇ ಹಂತ ಗೆದ್ದೂ ಅಂಗಳದ ಕಾರಣಕ್ಕೆ ಬಡ್ತಿ ಕಳೆದುಕೊಂಡವು. ಸ್ಟ್ಯಾನ್ಲಿಗೆ ಆ ತೊಡಕು ಬರಲಿಲ್ಲ. 2006ರಲ್ಲಿ ಅದು ಲೀಗಿಗೆ ಹತ್ತಿದಾಗ ಲೀಗಿನಿಂದ ಕೆಳಗೆ ಬಿದ್ದ ಎರಡು ತಂಡಗಳಲ್ಲಿ ಒಂದು ಯಾವುದು ಗೊತ್ತೇ? ಆಕ್ಸ್‌ಫರ್ಡ್ ಯುನೈಟೆಡ್.

ಹಾಗೆಂದು ಹಣದ ತಾಪತ್ರಯ ಮುಗಿಯಲಿಲ್ಲ. 2009ರಲ್ಲಿ ತೆರಿಗೆ ಇಲಾಖೆ 3,08,000 ಪೌಂಡ್ ಬಾಕಿಗಾಗಿ ಕ್ಲಬ್ ಮುಚ್ಚಿಸುವಂತೆ ಕೋರ್ಟಿಗೆ ಹೋಯಿತು. ಬಕೆಟ್ ಹಿಡಿದು ಚಂದಾ ಎತ್ತಿದರು, ಗಡುವಿನ ಹೊತ್ತಿಗೆ ಆ ಭಾಗದವರೇ ಆದ ಇಲ್ಯಾಸ್ ಖಾನ್ ಹಣ ಹಾಕಿ ಉಳಿಸಿದರು. 1962ರಲ್ಲಿ ಆಗದೆ ಹೋದದ್ದು ಈ ಸಲ ಆಯಿತು: ಮೊದಲು ಊರನ್ನು ಕೇಳಿದರು. 2015ರಲ್ಲಿ ಆಂಡಿ ಹೋಲ್ಟ್ ಕ್ಲಬ್ ಕೊಂಡರು. ಅವರದು ಪ್ಲಾಸ್ಟಿಕ್ ಡಬ್ಬಿ, ಬುಟ್ಟಿ ಮಾಡುವ ಕಾರ್ಖಾನೆ. ಅದರ ಬ್ರ್ಯಾಂಡ್ ಹೆಸರಿನಿಂದಲೇ ಅಂಗಳವನ್ನು ಈಗ ವಾಮ್ ಸ್ಟೇಡಿಯಂ ಎನ್ನುತ್ತಾರೆ.

2016ರ ಮೇನಲ್ಲಿ ಕೊನೆಯ ದಿನ ಗೆದ್ದರೆ ನೇರ ಬಡ್ತಿ ಎಂಬ ಸ್ಥಿತಿ. ಸ್ಟೀವನೇಜ್ ಎದುರು 0-0. ಆದರೂ ಬಡ್ತಿ ಕೈಯಲ್ಲೇ ಇತ್ತು, ಬೇರೆ ಕಡೆ ಬ್ರಿಸ್ಟಲ್ ರೋವರ್ಸ್ 92ನೇ ನಿಮಿಷದಲ್ಲಿ ಗೋಲು ಹೊಡೆಯುವ ತನಕ. ಅಂಕ ಸಮ, ಗೋಲುಗಳ ಅಂತರದಲ್ಲಿ ನಾಲ್ಕನೇ ಸ್ಥಾನ, ಉಳಿದ ಒಂದು ಬಡ್ತಿಗಾಗಿ ಆಡುವ ಪ್ಲೇ-ಆಫ್‌ನಲ್ಲಿ ಸೋಲು. ಎರಡು ವರ್ಷದ ನಂತರ 2018ರ ಏಪ್ರಿಲ್ 17ರಂದು ಯೋವಿಲ್ ಎದುರು 2-0. ಎರಡೂ ಬಿಲ್ಲಿ ಕೀ ಗೋಲುಗಳು. ಆ ವರ್ಷ 93 ಅಂಕಗಳೊಂದಿಗೆ ಲೀಗ್ ಟೂ ಚಾಂಪಿಯನ್. ಮೂರನೇ ಹಂತದಲ್ಲಿ ಐದು ವರ್ಷ ನಿಂತರು, 2020-21ರಲ್ಲಿ 11ನೇ ಸ್ಥಾನವೂ ಬಂತು. ಈ ಊರಿನ ಗಾತ್ರಕ್ಕೆ ಅದು ಚಾಂಪಿಯನ್ ಆದದ್ದಕ್ಕಿಂತ ದೊಡ್ಡ ಸಾಧನೆ ಎಂಬುದು ನನ್ನ ಎಣಿಕೆ. 2023ರಲ್ಲಿ ಮತ್ತೆ ಲೀಗ್ ಟೂಗೆ ಇಳಿದರು. 2024ರ ಮಾರ್ಚ್‌ನಲ್ಲಿ ಕೋಲ್ಮನ್ ಮತ್ತು ಬೆಲ್ ಇಬ್ಬರನ್ನೂ ತೆಗೆದು ಜಾನ್ ಡೂಲನ್ ಅವರಿಗೆ ಹೊಣೆ ಕೊಟ್ಟರು. 2024-25ರಲ್ಲಿ 21ನೇ ಸ್ಥಾನ. ಲೀಗ್ ಟೂನಲ್ಲಿ ಕೊನೆಯ ಎರಡು ತಂಡಗಳು ಹೊರಕ್ಕೆ ಹೋಗುತ್ತವೆ, ಆದ್ದರಿಂದ ಅದು ಆರಾಮದ ಜಾಗವಲ್ಲ.

ಹಣ ಎಲ್ಲಿಂದ, ಎಲ್ಲಿ ಸೋರುತ್ತದೆ

ಟಿಕೆಟ್ ಹಣ ಒಂದರಿಂದಲೇ ಯಾವ ಲೀಗ್ ಟೂ ಕ್ಲಬ್ಬೂ ನಡೆಯುವುದಿಲ್ಲ. ಟಿವಿ ಹಕ್ಕಿನಿಂದ ಲೀಗ್ ಹಂಚುವ ಪಾಲು, ಪ್ರೀಮಿಯರ್ ಲೀಗ್ ಕೆಳಗಿಳಿಸುವ ನೆರವಿನ ಹಣ, ಜಾಹೀರಾತು, ಬಾರ್, ಆಟಗಾರರ ಮಾರಾಟ, ಕಪ್ ಪಂದ್ಯ. ಉಳಿದ ಕೊರತೆಗೆ ಮಾಲೀಕನ ಜೇಬು.

ಕಪ್ ಪಂದ್ಯದ ಲೆಕ್ಕ ಗಮನಿಸಿ. ಎಫ್‌ಎ ಕಪ್‌ನಲ್ಲಿ ಖರ್ಚು ಕಳೆದು ಉಳಿದ ಗೇಟಿನ (ಟಿಕೆಟ್) ಹಣದಲ್ಲಿ ಎರಡೂ ಕ್ಲಬ್ಬುಗಳಿಗೆ ತಲಾ ಶೇ. 45, ಮಿಕ್ಕಿದ್ದು ಎಫ್‌ಎಯ (ಇಂಗ್ಲೆಂಡಿನ ಫುಟ್‌ಬಾಲ್ ಸಂಘದ) ನಿಧಿಗೆ ಹೋಗುವುದು ವಾಡಿಕೆ. ಆದ್ದರಿಂದ ಸಣ್ಣ ಕ್ಲಬ್ಬಿನ ಖಜಾಂಚಿ ಬೇಡಿಕೊಳ್ಳುವುದು ತವರಿನ ಪಂದ್ಯವನ್ನಲ್ಲ, ದೊಡ್ಡ ಅಂಗಳವನ್ನು. 2025ರ ಜನವರಿ 11ರಂದು ಸ್ಟ್ಯಾನ್ಲಿ ಆನ್‌ಫೀಲ್ಡಿನಲ್ಲಿ ಲಿವರ್‌ಪೂಲ್ ಎದುರು 4-0 ಸೋತಿತು. ಅಂಗಳದಲ್ಲಿ ಅರವತ್ತು ಸಾವಿರದ ಆಸುಪಾಸು ಜನ, ಅಂದರೆ ಸ್ಟ್ಯಾನ್ಲಿಗೆ ತವರಿನಲ್ಲಿ ಸುಮಾರು ಒಂದು ಋತುವಿಡೀ ಬರುವಷ್ಟು. ಅದಕ್ಕೆ ಮೊದಲು ಸಮವಾದರೆ ಮರುಪಂದ್ಯವಿತ್ತು, ಎರಡನೇ ಸಲ ಗೇಟು ಹಂಚಿಕೊಳ್ಳುವ ಅವಕಾಶವೂ ಇತ್ತು. 2024-25ರಿಂದ ಮೊದಲ ಸುತ್ತೂ ಸೇರಿ ಮುಂದಿನ ಎಲ್ಲ ಸುತ್ತುಗಳಲ್ಲಿ ಮರುಪಂದ್ಯ ತೆಗೆದರು. ದೊಡ್ಡ ಕ್ಲಬ್ಬುಗಳಿಗೆ ಒಂದು ದಿನ ವಿಶ್ರಾಂತಿ ಸಿಕ್ಕಿತು, ಕೆಳಗಿನವರಿಗೆ ಒಂದು ವರ್ಷದ ಕೊರತೆ ತುಂಬುವ ದಾರಿ ಹೋಯಿತು.

ಸ್ಟ್ಯಾನ್ಲಿ ಆಟಗಾರರನ್ನು ಹುಡುಕುವ ರೀತಿ ಹಳೆಯದೇ: ಕೆಳಗಿನ ಹಂತದಲ್ಲಿ ಗೋಲು ಹೊಡೆಯುವವರನ್ನು ತರುವುದು, ಎರಡು ಮೂರು ವರ್ಷ ಆಡಿಸುವುದು, ಮೇಲಕ್ಕೆ ಮಾರುವುದು. ಕೋಲ್ಬಿ ಬಿಷಪ್ 2019ರಲ್ಲಿ ಲೀಮಿಂಗ್ಟನ್ ಎಂಬ ಸಣ್ಣ ಕ್ಲಬ್ಬಿನಿಂದ ಬಂದು 2022ರಲ್ಲಿ ಪೋರ್ಟ್ಸ್‌ಮತ್‌ಗೆ ಹೋದರು. ಇಲ್ಲಿ ಎಡವುವುದು ಗುತ್ತಿಗೆಯ ಅವಧಿಯಲ್ಲಿ. ಒಂದು ವರ್ಷದ ಗುತ್ತಿಗೆ ಕೊಟ್ಟರೆ ಸಂಬಳದ ಅಪಾಯ ಕಡಿಮೆ, ಆದರೆ ಆಟಗಾರ ಚೆನ್ನಾಗಿ ಆಡಿದರೆ ಬೇಸಿಗೆಯಲ್ಲಿ ಬಿಡಿಗಾಸಿಲ್ಲದೆ ಹೊರಟುಹೋಗುತ್ತಾನೆ. ಮೂರು ವರ್ಷ ಕೊಟ್ಟು ಅವನು ಗಾಯಗೊಂಡರೆ ಮೂರು ವರ್ಷ ಸಂಬಳ. 24 ವರ್ಷ ತುಂಬದ ಆಟಗಾರ ಗುತ್ತಿಗೆ ಮುಗಿದು ಹೋದರೂ, ಹಳೆಯ ಕ್ಲಬ್ ಹೊಸ ಗುತ್ತಿಗೆ ಕೊಡಲು ಮುಂದಾಗಿದ್ದರೆ ಪರಿಹಾರ ಕೇಳಬಹುದು. ಸಣ್ಣ ಕ್ಲಬ್ಬುಗಳು ಹುಡುಗರನ್ನೇ ಹೆಚ್ಚು ನೆಚ್ಚಿಕೊಳ್ಳಲು ಇದೂ ಒಂದು ಕಾರಣ.

ಸಂಬಳಕ್ಕೆ ಕಡಿವಾಣವೂ ಇದೆ. ಹಲವು ವರ್ಷ ನಡೆದುಬಂದ ಲೆಕ್ಕದಲ್ಲಿ ಲೀಗ್ ಟೂ ಕ್ಲಬ್ ತನ್ನ ಆದಾಯದ ಅರ್ಧದಷ್ಟನ್ನು, ಲೀಗ್ ಒನ್ ಕ್ಲಬ್ ಶೇ. 60ರಷ್ಟನ್ನು ಆಟಗಾರರಿಗೆ ಖರ್ಚು ಮಾಡಬಹುದಿತ್ತು. ಸೋರುತ್ತಿದ್ದುದು 'ಆದಾಯ' ಎಂಬ ಪದದಲ್ಲಿ: ಮಾಲೀಕ ಷೇರು ಬಂಡವಾಳವಾಗಿ ಅಥವಾ ದೇಣಿಗೆಯಾಗಿ ಹಾಕಿದ ಹಣವೂ ಅದರಲ್ಲಿ ಸೇರುತ್ತಿತ್ತು. ಹೀಗಾಗಿ ಸಿರಿವಂತ ಮಾಲೀಕನಿದ್ದರೆ ನಿಯಮ ಹಗ್ಗವಾಗುತ್ತಿತ್ತೇ ಹೊರತು ಗೋಡೆಯಾಗುತ್ತಿರಲಿಲ್ಲ. 2020ರ ಆಗಸ್ಟ್‌ನಲ್ಲಿ ಕ್ಲಬ್ಬುಗಳೇ ಮತ ಹಾಕಿ ಲೀಗ್ ಟೂಗೆ 15 ಲಕ್ಷ, ಲೀಗ್ ಒನ್‌ಗೆ 25 ಲಕ್ಷ ಪೌಂಡಿನ ಮಿತಿ ತಂದವು. ಆಟಗಾರರ ಸಂಘದ ತಕರಾರಿನ ಮೇಲೆ 2021ರ ಫೆಬ್ರವರಿಯಲ್ಲಿ ಮಧ್ಯಸ್ಥಿಕೆ ಸಮಿತಿ ಅದನ್ನು ಕಿತ್ತುಹಾಕಿತು.

ಕ್ಲಬ್ ದಿವಾಳಿ ಆಡಳಿತಕ್ಕೆ ಹೋದರೆ 12 ಅಂಕ ಕಡಿತ. ಆಟಗಾರರ ಸಂಬಳವನ್ನೂ ಬೇರೆ ಕ್ಲಬ್ಬುಗಳ ಬಾಕಿಯನ್ನೂ ಪೂರ್ತಿ ತೀರಿಸದೆ ಲೀಗಿನಲ್ಲಿ ಉಳಿಯುವಂತಿಲ್ಲ. ಊರಿನ ಬಡಗಿ, ಪ್ಲಂಬರ್, ಆಂಬುಲೆನ್ಸ್ ಸೇವೆಗೆ ಮಾತ್ರ ಪೌಂಡಿಗೆ ಕೆಲವು ಪೆನ್ನಿ ಸಿಕ್ಕರೆ ಪುಣ್ಯ. ಆಕ್ರಿಂಗ್ಟನ್ನಿನಿಂದ ಅಷ್ಟೇನೂ ದೂರವಿಲ್ಲದ, ಬರಿ (Bury) ಎಂಬ ಊರಿನ ಕ್ಲಬ್ 1885ರದ್ದು, ಎರಡು ಸಲ ಎಫ್‌ಎ ಕಪ್ ಗೆದ್ದದ್ದು. 2018ರ ಡಿಸೆಂಬರಿನಲ್ಲಿ ಅದು 1 ಪೌಂಡಿಗೆ ಕೈ ಬದಲಾಯಿತು, 2019ರಲ್ಲಿ ಬಡ್ತಿ ಪಡೆಯಿತು, ಅದೇ ಆಗಸ್ಟ್ 27ರಂದು ಲೀಗಿನಿಂದ ಉಚ್ಚಾಟನೆಯಾಯಿತು. ಬಡ್ತಿ ಪಡೆದ ತಂಡದ ಸಂಬಳದ ಪಟ್ಟಿಯೂ ಅದನ್ನು ಮುಳುಗಿಸಿದ ಕಾರಣಗಳಲ್ಲೊಂದು. ಇಂಥವುಗಳ ಮೇಲೆ ಕಣ್ಣಿಡಲು ಸ್ವತಂತ್ರ ನಿಯಂತ್ರಕ ಸಂಸ್ಥೆ ಮಾಡುವ ಕಾನೂನು ಬ್ರಿಟನ್ನಿನಲ್ಲಿ 2025ರಲ್ಲಿ ಆಯಿತು.

ಒಂದು ಕ್ಲಬ್ಬಿನ ಆರೋಗ್ಯ ತಿಳಿಯಬೇಕಾದರೆ ಅಂಕಪಟ್ಟಿ ನೋಡಬೇಡಿ. ಬ್ರಿಟನ್ನಿನ ಕಂಪನೀಸ್ ಹೌಸ್ ಜಾಲತಾಣದಲ್ಲಿ ಕ್ಲಬ್ಬಿನ ಹೆಸರು ಹುಡುಕಿ, ದುಡ್ಡು ಕೊಡಬೇಕಿಲ್ಲ. ಮೊದಲು ಲೆಕ್ಕಪತ್ರ ಸಲ್ಲಿಸಿದ ದಿನಾಂಕ ನೋಡಿ: ಖಾಸಗಿ ಕಂಪನಿಗೆ ವರ್ಷ ಮುಗಿದ ಮೇಲೆ 9 ತಿಂಗಳ ಗಡುವು, ಮೀರಿದ್ದರೆ ಅಲ್ಲೇ ಕಾಣುತ್ತದೆ. ಆಮೇಲೆ ಅಡಮಾನದ ಪಟ್ಟಿ ತೆರೆಯಿರಿ. ಅಂಗಳವನ್ನೇ ಒತ್ತೆ ಇಟ್ಟು ಹೆಚ್ಚು ಬಡ್ಡಿಗೆ ಸಾಲ ತಂದಿದ್ದರೆ ಅದು ಅಲ್ಲಿ ಬಂದೇ ಬರುತ್ತದೆ. ಒಂದು ವರ್ಷದೊಳಗೆ ಕೊಡಬೇಕಾದ ಸಾಲ ಎಂಬ ಪಂಕ್ತಿಯನ್ನು ಹಿಂದಿನ ವರ್ಷದ್ದರ ಜತೆ ಹೋಲಿಸಿ. ಸಣ್ಣ ಕಂಪನಿಗಳು ಸಂಕ್ಷಿಪ್ತ ಲೆಕ್ಕ ಕೊಡುವುದರಿಂದ ಲಾಭ-ನಷ್ಟದ ಪುಟ ಇಲ್ಲದಿರಬಹುದು. ಆಗ ಎರಡು ವರ್ಷಗಳ ನಿವ್ವಳ ಆಸ್ತಿಯ ವ್ಯತ್ಯಾಸವೇ ನಿಮಗೆ ಸಿಗುವ ಸುಳಿವು, ಹೊಸ ಷೇರು ಹಣ ಬಂದಿದ್ದರೆ ಅದನ್ನು ಕಳೆದು ನೋಡಬೇಕು. ಕ್ಲಬ್ ಮುಚ್ಚಿಸುವ ಅರ್ಜಿಗಳು ಲಂಡನ್ ಗೆಜೆಟ್‌ನಲ್ಲಿ ಪ್ರಕಟವಾಗುತ್ತವೆ.

ಭಾರತದ ನಂಟು ಹುಡುಕುವುದಾದರೆ, ಎಂಟು ಕಿಲೋಮೀಟರ್ ದೂರದ ಬ್ಲ್ಯಾಕ್‌ಬರ್ನ್ ರೋವರ್ಸ್ 2010ರಿಂದ ಪುಣೆಯ ವೆಂಕೀಸ್ ಗುಂಪಿನ ಕೈಯಲ್ಲಿದೆ. ಬೆಂಗಳೂರು ಎಫ್‌ಸಿಗೆ ಎರಡು ಐ-ಲೀಗ್ ಪ್ರಶಸ್ತಿ ತಂದ ಮೊದಲ ಕೋಚ್ ಆಶ್ಲಿ ವೆಸ್ಟ್‌ವುಡ್ ಆಟಗಾರನಾಗಿ ಪಳಗಿದ್ದೂ ಕ್ರೂ, ನಾರ್ಥಾಂಪ್ಟನ್, ಚೆಸ್ಟರ್, ರೆಕ್ಸಮ್‌ನಂಥ ಇಂಥ ಕ್ಲಬ್ಬುಗಳಲ್ಲೇ.

ನಿಮ್ಮ ಡಿಸೆಂಬರ್ ಪ್ರವಾಸ

ಖಂಡಿತ ನೋಡಬಹುದು. ಶನಿವಾರದ ಪಂದ್ಯ ಸಾಮಾನ್ಯವಾಗಿ ಮಧ್ಯಾಹ್ನ 3ಕ್ಕೆ, ವಾರದ ನಡುವಿನದು ಮಂಗಳವಾರ ರಾತ್ರಿ 7.45ಕ್ಕೆ. ವಯಸ್ಸಾದವರು ಜತೆಗಿದ್ದರೆ ಶನಿವಾರವೇ ಇರಲಿ. ಮ್ಯಾಂಚೆಸ್ಟರ್ ವಿಕ್ಟೋರಿಯಾ ನಿಲ್ದಾಣದಿಂದ ರಾಚ್‌ಡೇಲ್, ಬರ್ನ್‌ಲಿ ಮಾರ್ಗವಾಗಿ ಬ್ಲ್ಯಾಕ್‌ಬರ್ನ್ ಕಡೆ ಹೋಗುವ ನಾರ್ದರ್ನ್ ರೈಲು ಆಕ್ರಿಂಗ್ಟನ್ನಿನಲ್ಲಿ ನಿಲ್ಲುತ್ತದೆ, ಸುಮಾರು ಒಂದು ಗಂಟೆ. ಮ್ಯಾಂಚೆಸ್ಟರಿನ ಇನ್ನೊಂದು ನಿಲ್ದಾಣ ಪಿಕಡಿಲಿಗೆ ಹೋಗಿ ನಿಂತೀರಿ, ಅಲ್ಲಿಂದ ಈ ರೈಲಿಲ್ಲ. ಆಕ್ರಿಂಗ್ಟನ್ನಿನಲ್ಲಿ ಇಳಿದು ವಾಲಿ ರಸ್ತೆ ಹಿಡಿದು ಏರು ಹಾದಿಯಲ್ಲಿ ಇಪ್ಪತ್ತು-ಇಪ್ಪತ್ತೈದು ನಿಮಿಷ ನಡೆದರೆ ಅಂಗಳ. ಕಾರಿನಲ್ಲಾದರೆ ಎಂ65 ಹೆದ್ದಾರಿಯ 7ನೇ ಜಂಕ್ಷನ್.

ಅಂಗಳದಲ್ಲಿ ಹಿಡಿಸುವುದು ಸುಮಾರು 5,450 ಜನ. ಗೋಲಿನ ಹಿಂದಿನ ಕ್ಲೇಟನ್ ಎಂಡ್ ನಿಂತು ನೋಡುವ ಜಾಗ, ಮೇಲೆ ಚಾವಣಿ ಇದೆ, ಊರಿನವರ ಗದ್ದಲ ಇರುವುದು ಅಲ್ಲೇ. ಎದುರು ಗೋಲಿನ ಕಾಪಿಸ್ ಟೆರೇಸ್ ಎದುರಾಳಿ ಅಭಿಮಾನಿಗಳದ್ದು, ಚಾವಣಿ ಇಲ್ಲ. ಟಿಕೆಟ್ ತೆಗೆಯುವಾಗ ತಪ್ಪಿ ಅದನ್ನು ಆರಿಸಬೇಡಿ. ನಿಮಗೆ ಕೂರುವ ಸೀಟೇ ಸರಿ.

ಡಿಸೆಂಬರಿನ ದೊಡ್ಡ ತೊಂದರೆ ಪಂದ್ಯ ಮುಂದೂಡುವುದು. ಮೈದಾನ ಹೆಪ್ಪುಗಟ್ಟಿದರೆ ಅಥವಾ ನೀರು ನಿಂತರೆ ರೆಫರಿ ಬೆಳಿಗ್ಗೆ ಬಂದು ಪರೀಕ್ಷಿಸುತ್ತಾರೆ. ಈ ಹಂತದ ಹೆಚ್ಚಿನ ಅಂಗಳಗಳಲ್ಲಿ ನೆಲದಡಿ ಬಿಸಿಮಾಡುವ ಕೊಳವೆಗಳಿರುವುದಿಲ್ಲ. ರೈಲು ಹತ್ತುವ ಮೊದಲು ಕ್ಲಬ್ಬಿನ ಅಧಿಕೃತ ಖಾತೆ ನೋಡಿ. ಮುಂದೂಡಿದ ಪಂದ್ಯಕ್ಕೆ ಟಿಕೆಟ್ ಹೇಗೆ ನಡೆಯುತ್ತದೆ, ಹಣ ವಾಪಸ್ ಕೊಡುತ್ತಾರೆಯೇ ಎಂದು ಕೊಳ್ಳುವಾಗಲೇ ಓದಿಕೊಳ್ಳಿ. ವಾಪಸ್ ರೈಲಿಗೆ ಸಮಯ ಕಟ್ಟಿದ ಅಗ್ಗದ ಟಿಕೆಟ್ ಬೇಡ, ಯಾವ ರೈಲಿಗೂ ನಡೆಯುವಂಥದ್ದು ಇರಲಿ.

ಉಣ್ಣೆಯ ಸಾಕ್ಸು ಎರಡು ಜೊತೆ, ಕೈಗವಸು, ಮಳೆ ತಡೆಯುವ ಮೇಲಂಗಿ. ಕಾಂಕ್ರೀಟಿನ ಮೇಲೆ ಎರಡು ಗಂಟೆ ನಿಂತರೆ ಚಳಿ ಹತ್ತುವುದು ಪಾದದಿಂದ. ತಿನ್ನಲು ಇಂಗ್ಲೆಂಡಿನ ಅಂಗಳಗಳಲ್ಲಿ ಪೈ ಸಾಮಾನ್ಯ, ಹೆಚ್ಚಿನವು ಮಾಂಸದ್ದೇ. ಸಸ್ಯಾಹಾರಿಗಳಾದರೆ ಚೀಸ್-ಈರುಳ್ಳಿಯದೋ, ಆಲೂಗಡ್ಡೆ-ಈರುಳ್ಳಿ ತುಂಬಿದ ಲ್ಯಾಂಕಷೈರಿನ ಬಟರ್ ಪೈಯೋ ಇದೆಯೇ ಕೇಳಿ. ಜತೆಗೆ ಹೊರಗಿನ ಹಿಟ್ಟಿಗೆ ಹಂದಿಕೊಬ್ಬು ಹಾಕಿದ್ದಾರೆಯೇ ಎಂದೂ ಕೇಳಬೇಕು, ಒಳಗೆ ಬರೀ ತರಕಾರಿ ಇದ್ದರೂ ಹೊರಗಡೆ ಅದು ಇರುವುದುಂಟು. ಮೇಲೆ ಸುರಿಯುವ ಗ್ರೇವಿ ಸಾಮಾನ್ಯವಾಗಿ ಮಾಂಸದ್ದು. ಬೇಡ ಎಂದು ಮೊದಲೇ ಹೇಳಿ.